‘ಯೆಹೋವ’ ಇದ್ದಲ್ಲಿ ‘ಸರ್ವೇಶ್ವರ’: ಸಂಪಾದಕರ ಉತ್ತರ

ಬೆಂಗಳೂರಿನ ಕಾಕ್ಸ್ ಟೌನಿನ ಓದುಗರೊಬ್ಬರು ಬರೆದ ಪತ್ರದ ಸಾರ ಇದು: ‘ನಮ್ಮ ಸಭೆಯಲ್ಲಿ ಈಚೆಗೆ ಹೊಸ ಅನುವಾದದಿಂದ ಪಾಠ ಓದುತ್ತಾರೆ. ಹಳೆಯ ಸತ್ಯವೇದದಲ್ಲಿ (ಬೈಬಲಿನಲ್ಲಿ) “ಯೆಹೋವ” ಎಂದಿದ್ದ ಕಡೆ ಅದರಲ್ಲಿ “ಸರ್ವೇಶ್ವರ” ಎಂದಿದೆ. ಇದು ದೇವರ ವಾಕ್ಯವೇ ಅಲ್ಲವೆಂದು ನನ್ನ ತಾಯಿ ಕಣ್ಣೀರಿಡುತ್ತಾರೆ. ಎರಡರಲ್ಲಿ ಅಧಿಕೃತವಾದದ್ದು ಯಾವುದು?’

ಮಾನ್ಯರೇ,

ನಿಮ್ಮ ತಾಯಿಯವರ ನೋವನ್ನು ಮುಪ್ಪಿನ ಹಠವೆಂದು ನಾವು ತಳ್ಳಿಹಾಕಲಾರೆವು. ಚಿಕ್ಕಂದಿನಿಂದ ಬಾಯಿಪಾಠವಾದ ಕೀರ್ತನೆಯಲ್ಲಿ ಒಂದು ಪದ ಬದಲಾದರೂ ಪ್ರಾರ್ಥನೆ ಮುಗ್ಗರಿಸುತ್ತದೆ. ಆದರೆ ‘ಅಧಿಕೃತ’ ಎಂಬ ಮಾತಿನಲ್ಲಿ ಎರಡು ಸಂಗತಿಗಳು ಬೆರೆತುಹೋಗಿವೆ. ಮೂಲಕ್ಕೆ ನಿಷ್ಠವಾಗಿರುವುದು ಒಂದು, ಸಭೆಯಲ್ಲಿ ಓದಲು ಮಾನ್ಯವಾಗಿರುವುದು ಇನ್ನೊಂದು. 1546ರಲ್ಲಿ ಕಥೋಲಿಕ ಸಭೆಯ ಟ್ರೆಂಟ್ ಮಹಾಸಭೆಯು ಬೈಬಲಿನ ಲ್ಯಾಟಿನ್ ಅನುವಾದವಾದ ವಲ್ಗೇಟನ್ನು ಪ್ರಮಾಣವೆಂದು ಸಾರಿದಾಗ ಈ ಎರಡೂ ಒಂದೇ ಎಂದು ಅನೇಕರು ಭಾವಿಸಿದ್ದರು. ಆ ಪ್ರಾಮಾಣ್ಯವು ಸಭೆಯ ಬಳಕೆಗೆ ಸಂಬಂಧಿಸಿದ್ದೇ ಹೊರತು ಹೀಬ್ರೂ, ಗ್ರೀಕ್ ಮೂಲಗಳ ಬೆಲೆಯನ್ನು ಅದು ತಗ್ಗಿಸುವುದಿಲ್ಲವೆಂದು ಪೋಪ್ ಹನ್ನೆರಡನೆಯ ಪಯಸ್ ಸ್ಪಷ್ಟಪಡಿಸಿದ್ದು 1943ರಲ್ಲಿ, ಅಂದರೆ ಸುಮಾರು ನಾಲ್ಕು ಶತಮಾನಗಳ ಬಳಿಕ.

ಆ ವಲ್ಗೇಟಾದರೂ ಹುಟ್ಟಿದಾಗ ‘ಹೊಸ ಅನುವಾದ’ವೇ ಆಗಿತ್ತು. ಪ್ರವಾದಿ ಯೋನನಿಗೆ ನೆರಳಾದ ಗಿಡವನ್ನು ಹಳೆಯ ಲ್ಯಾಟಿನ್ ಪಾಠ ಸೋರೆ ಎಂದಿದ್ದರೆ, ವಲ್ಗೇಟಿನ ಅನುವಾದಕ ಜೆರೋಮ್ ಅದನ್ನು ಐವಿ ಬಳ್ಳಿಯೆಂದು ಅನುವಾದಿಸಿದರು. ಉತ್ತರ ಆಫ್ರಿಕದ ಓಯ ಎಂಬ ಊರಿನಲ್ಲಿ ಬಿಷಪರು ಇದನ್ನು ಓದಿಸಿದಾಗ ಜನ ಗದ್ದಲವೆಬ್ಬಿಸಿದರೆಂದೂ, ಸಭೆಯನ್ನೇ ಕಳೆದುಕೊಳ್ಳುವ ಭಯದಿಂದ ಬಿಷಪರು ಹಳೆಯ ಪದಕ್ಕೇ ಮರಳಬೇಕಾಯಿತೆಂದೂ ಆ ಕಾಲದ ದೈವಶಾಸ್ತ್ರಜ್ಞ ಅಗಸ್ಟೀನರು ಜೆರೋಮರಿಗೆ ಪತ್ರ ಬರೆದರು. (ಅದು ನಮ್ಮ ಹೊಲದ ಬದುವಿನ ಹರಳುಗಿಡವಿರಬೇಕೆಂದು ಇಂದಿನ ಅನೇಕ ವಿದ್ವಾಂಸರ ಊಹೆ, ಹಾಗಿದ್ದರೆ ಎರಡು ಅನುವಾದಗಳೂ ತಪ್ಪಿದ್ದವು!)

ಇನ್ನು ‘ಯೆಹೋವ’. ಹೀಬ್ರೂವಿನಲ್ಲಿ ದೇವರ ಹೆಸರು ನಾಲ್ಕು ವ್ಯಂಜನಗಳದು. ಅದನ್ನು ಉಚ್ಚರಿಸಲು ಅಂಜಿದ ಯೆಹೂದ್ಯರು ಆ ಜಾಗದಲ್ಲಿ ‘ಅದೋನಾಯ್’, ಎಂದರೆ ಒಡೆಯ, ಎಂದು ಓದುತ್ತಿದ್ದರು. ಆ ಪದದ ಸ್ವರಗಳು ಈ ವ್ಯಂಜನಗಳೊಡನೆ ಕೂಡಿ ‘ಯೆಹೋವ’ ಎಂಬ ರೂಪ ಬಂದಿತು. ಹೊಸ ಒಡಂಬಡಿಕೆಯನ್ನು ಬರೆದವರು ಹಳೆಯ ಒಡಂಬಡಿಕೆಯನ್ನು ಉದ್ಧರಿಸುವಾಗ ಬಹುಮಟ್ಟಿಗೆ ಗ್ರೀಕ್ ಅನುವಾದವನ್ನೇ ಬಳಸಿದರು, ಹೆಸರಿನ ಜಾಗದಲ್ಲಿ ‘ಕರ್ತ’ ಎಂಬರ್ಥದ ‘ಕೂರಿಯೊಸ್’ ಎಂದೇ ಬರೆದರು. ಹೆಸರಿಗೆ ಬದಲು ಬಿರುದನ್ನಿಟ್ಟರೆ ದೇವರ ವಾಕ್ಯ ಕೆಡುತ್ತದೆ ಎನ್ನುವುದಾದರೆ ಆ ಆಕ್ಷೇಪ ಅಪೊಸ್ತಲ ಪೌಲನಿಗೂ ತಟ್ಟುತ್ತದೆ.

ಹಾಗೆಂದು ಹೊಸ ಪದದಿಂದ ನಷ್ಟವೇ ಇಲ್ಲವೆಂದು ನಾವು ಹೇಳುವುದಿಲ್ಲ. ಹೆಸರು ಹಿಡಿದು ಕರೆಯುವುದರಲ್ಲಿ ಒಂದು ಸಲಿಗೆಯಿದೆ. ‘ಸರ್ವೇಶ್ವರ’ದಲ್ಲಿ ಗೌರವವಿದ್ದರೂ ಆ ಸಲಿಗೆ ಕಡಿಮೆ. ನಮ್ಮ ಕಿವಿಗೂ ಹಳೆಯದೇ ಹಿತ.

ನಿಮ್ಮ ಮನೆಯ ಹಳೆಯ ಸತ್ಯವೇದದ ಹಿಂದೆಯೂ ತಿದ್ದುಪಡಿಗಳ ಸಾಲೇ ಇದೆ. ಬಳ್ಳಾರಿಯಲ್ಲಿ ಲಂಡನ್ ಮಿಷನ್ನಿನ ಜಾನ್ ಹ್ಯಾಂಡ್ಸ್ 19ನೆಯ ಶತಮಾನದ ಆರಂಭದಲ್ಲಿ ಕೈಗೊಂಡ ಅನುವಾದವನ್ನು ಮುಂದೆ ಬಾಸೆಲ್ ಮಿಷನ್ನಿನ ವೈಗಲ್ ಮೊದಲಾದವರು ಪರಿಷ್ಕರಿಸಿದರು. ಇಂಗ್ಲಿಷಿನ 1611ರ ಅನುವಾದವೊಂದೇ ದೋಷರಹಿತವೆನ್ನುವವರು ನಮ್ಮ ನಗರದಲ್ಲೂ ಇದ್ದಾರೆ. ಆ ಅನುವಾದಕರಾದರೋ ತೀರ ಸಾಧಾರಣವಾದ ಅನುವಾದವೂ ದೇವರ ವಾಕ್ಯವೇ ಎಂದು ತಮ್ಮ ಮುನ್ನುಡಿಯಲ್ಲಿ ಒಪ್ಪಿಕೊಂಡಿದ್ದರು.

ಆದ್ದರಿಂದ ಎರಡೂ ದೇವರ ವಾಕ್ಯವೇ; ಅರ್ಥದ ಬಗ್ಗೆ ವಿವಾದ ಬಂದಾಗ ಎರಡನ್ನೂ ಮೂಲದ ಮುಂದಿಡಬೇಕು. ನಿಮ್ಮ ಸಭೆಯ ಹಿರಿಯರು ತಪ್ಪಿದ್ದು ಪುಸ್ತಕದ ಆಯ್ಕೆಯಲ್ಲಿ ಎನ್ನುವುದಕ್ಕಿಂತ, ಯಾರಿಗೂ ಕಾರಣ ತಿಳಿಸದೆ ಒಂದು ಭಾನುವಾರ ಅದನ್ನು ಬದಲಿಸಿದ್ದರಲ್ಲಿ ಎಂದು ನಮಗೆ ತೋರುತ್ತದೆ. ಸಭಾಪಾಲಕರು ಒಂದು ಸಂಜೆ ಎರಡೂ ಪ್ರತಿಗಳನ್ನಿಟ್ಟುಕೊಂಡು ಈ ಹೆಸರಿನ ಕಥೆಯನ್ನು ಹೇಳಲೆಂದು ಕೇಳಿಕೊಳ್ಳಿ, ತಾಯಿಯವರನ್ನೂ ಕರೆದೊಯ್ಯಿರಿ. ಮನೆಯ ಪ್ರಾರ್ಥನೆಯಲ್ಲಿ ಅವರು ‘ಯೆಹೋವ’ ಎಂದೇ ಓದಲಿ.

– ಸಂ.