ವಾಕಿಂಗಿಗೂ ಕಾರಿಗೂ ನಾಯಿಗೆ ಒಂದೇ ಹಾರ್ನೆಸ್ ಸಾಕಾ?

22 ಕಿಲೋ ತೂಕದ ಇಂಡೀ (ನಮ್ಮ ನಾಡತಳಿಯ) ನಾಯಿ, ದಿನಕ್ಕೆರಡು ಸಲ ವಾಕಿಂಗ್, ತಿಂಗಳಿಗೊಮ್ಮೆ ಬೆಂಗಳೂರಿನಿಂದ ಶಿರಾಡಿ ಘಾಟಿ ಇಳಿದು ಮಂಗಳೂರು. ಎರಡಕ್ಕೂ ಒಂದೇ ಹಾರ್ನೆಸ್ (ಎದೆ-ಬೆನ್ನಿನ ಸುತ್ತ ತೊಡಿಸುವ ಪಟ್ಟಿ) ಆಗುತ್ತದಾ, ಆಗುವುದಾದರೆ ಎಂಥದ್ದು ನೋಡಬೇಕು ಅಂತ ಕೇಳಿದ್ದೀರಿ. ಆಗುತ್ತದೆ. ಆದರೆ ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ಕೊಳ್ಳಬೇಕು, ವಾಕಿಂಗಿಗೆ ಆಮೇಲೆ ಹೊಂದಿಸಿಕೊಳ್ಳಬೇಕು. ಅಂಗಡಿಗಳಲ್ಲಿ ನಡೆಯುವುದು ಉಲ್ಟಾ. ವಾಕಿಂಗಿನ ಹಾರ್ನೆಸ್ ತೋರಿಸಿ, ಅದಕ್ಕೊಂದು ಸೀಟ್ ಬೆಲ್ಟ್ ಪಟ್ಟಿ ಜೋಡಿಸಿ, "ಕಾರಿಗೂ ಆಗುತ್ತೆ ಸರ್" ಅಂದುಬಿಡುತ್ತಾರೆ.

ಕಾರು ಯಾಕೆ ಮೊದಲು ಅಂದರೆ, ವಾಕಿಂಗಿನಲ್ಲಿ ಹಾರ್ನೆಸ್ ತಡೆಯಬೇಕಾದದ್ದು ನಾಯಿಯ ಕಾಲಿನ ಶಕ್ತಿಯನ್ನಷ್ಟೇ. ಕಾರು ಗುದ್ದಿದಾಗ ಲೆಕ್ಕವೇ ಬೇರೆ. ಗಂಟೆಗೆ 48 ಕಿ.ಮೀ. ವೇಗದಲ್ಲಿದ್ದ ಕಾರು ಎಲ್ಲೋ ಬಡಿದು, ಬಾನೆಟ್ ನುಜ್ಜಾಗುತ್ತಾ ಅರ್ಧ ಮೀಟರಿನಲ್ಲಿ ನಿಂತಿತು ಅಂದುಕೊಳ್ಳಿ. ಸೀಟಿಗೆ ಬಿಗಿಯಾಗಿ ಕಟ್ಟಿದ 22 ಕಿಲೋ ನಾಯಿ ಕಾರಿನ ಜೊತೆಗೇ ನಿಧಾನವಾಗುತ್ತದೆ; ಆಗ ಪಟ್ಟಿಗಳ ಮೇಲೆ ಬೀಳುವ ಸರಾಸರಿ ಎಳೆತ ಸುಮಾರು 400 ಕಿಲೋ. ಅದೇ ನಾಯಿಗೆ ಅರ್ಧ ಮೀಟರಿಗಿಂತ ಹೆಚ್ಚು ಸಡಿಲ ಬಿಟ್ಟಿದ್ದರೆ, ಕಾರು ಪೂರ್ತಿ ನಿಂತ ಮೇಲೂ ನಾಯಿ ಅದೇ 48ರ ವೇಗದಲ್ಲಿ ಮುಂದೆ ಹಾರುತ್ತಿರುತ್ತದೆ. ಪಟ್ಟಿ ಬಿಗಿಯಾದ ಮೇಲೆ ಹತ್ತು ಸೆಂಟಿಮೀಟರಿನೊಳಗೆ ಅದು ನಿಲ್ಲಬೇಕು. ಆಗಿನ ಎಳೆತ ಎರಡು ಟನ್ನಿನ ಹತ್ತಿರ. ಪಟ್ಟಿ ತಡೆದರೂ ಪಕ್ಕೆಲುಬು ತಡೆಯುವುದಿಲ್ಲ. ಹಾರ್ನೆಸ್ಸಿನ ಬಣ್ಣ, ಬ್ರ್ಯಾಂಡು ನೋಡುವುದಕ್ಕಿಂತ ಅದನ್ನು ಸೀಟಿಗೆ ಕಟ್ಟುವ ಪಟ್ಟಿಯ ಉದ್ದ ನೋಡುವುದು ಮುಖ್ಯ ಅನ್ನುವುದು ಇದಕ್ಕೇ.

"ಕ್ರ್ಯಾಶ್ ಟೆಸ್ಟೆಡ್" ಅಂತ ಚೀಟಿ ಅಂಟಿಸಿದ್ದರೆ ನಂಬಬೇಕಾ? ನಾಯಿಯ ಹಾರ್ನೆಸ್ಸಿಗೆ ಸರ್ಕಾರಿ ಅಪಘಾತ ಪರೀಕ್ಷೆ ಅನ್ನುವುದು ನಮ್ಮಲ್ಲೂ ಇಲ್ಲ, ಅಮೆರಿಕದಲ್ಲೂ ಇಲ್ಲ. ಹಾಗಾಗಿ ಆ ಎರಡು ಪದವನ್ನು ಯಾರು ಬೇಕಾದರೂ ಬರೆದುಕೊಳ್ಳಬಹುದು. ಅಮೆರಿಕದ ಸೆಂಟರ್ ಫಾರ್ ಪೆಟ್ ಸೇಫ್ಟಿ ಎಂಬ ಲಾಭರಹಿತ ಸಂಸ್ಥೆ ಮಕ್ಕಳ ಸೀಟಿನ ಪರೀಕ್ಷೆಯನ್ನು ಮಾದರಿಯಾಗಿಟ್ಟುಕೊಂಡು, ನಾಯಿಯ ತೂಕದ ಗೊಂಬೆಯನ್ನು ಸೀಟಿನಲ್ಲಿ ಕೂರಿಸಿ, ಗಂಟೆಗೆ 30 ಮೈಲಿ, ಅಂದರೆ ಮೇಲೆ ಹೇಳಿದ ಅದೇ 48 ಕಿ.ಮೀ. ವೇಗದ ಡಿಕ್ಕಿಗೆ ಒಡ್ಡಿ ನೋಡುತ್ತದೆ. 2013ರಲ್ಲಿ ಸುಬಾರು ಕಂಪನಿಯ ಜೊತೆ ಸೇರಿ ಅದು ಹಲವು ಹಾರ್ನೆಸ್ಸುಗಳನ್ನು ಪರೀಕ್ಷಿಸಿದಾಗ ಎಲ್ಲಕ್ಕಿಂತ ಚೆನ್ನಾಗಿ ನಿಂತದ್ದು ಸ್ಲೀಪಿಪಾಡ್‌ನ ಕ್ಲಿಕಿಟ್ ಯುಟಿಲಿಟಿ. ಅದರ ವಿನ್ಯಾಸ ಗಮನಿಸಿ: ಎದೆ ತುಂಬ ಹರಡುವ ಅಗಲವಾದ ವೆಸ್ಟು, ಕಾರಿನ ಸೀಟ್ ಬೆಲ್ಟೇ ಎರಡು ಪಕ್ಕದ ಕುಣಿಕೆಗಳೊಳಗೆ ಹಾದುಹೋಗುತ್ತದೆ, ನಡುವೆ ಉದ್ದದ ಪಟ್ಟಿಯೇ ಇಲ್ಲ. ನಾಯಿಯ ಬೆನ್ನು ಸೀಟಿನ ಹತ್ತಿರವೇ ಉಳಿಯುತ್ತದೆ.

ಮಾರುವವರನ್ನು ಮೂರು ಪ್ರಶ್ನೆ ಕೇಳಿ: ಎಷ್ಟು ತೂಕದ ಗೊಂಬೆ, ಎಷ್ಟು ವೇಗ, ಯಾವ ಸೈಜು. ಮೀಡಿಯಂ ಸೈಜು ಪಾಸಾದರೆ ಲಾರ್ಜ್ ಕೂಡ ಪಾಸು ಅಂತ ಅರ್ಥವಲ್ಲ. "ಇಷ್ಟು ಕಿಲೋ ಎಳೆದರೂ ಹರಿಯುವುದಿಲ್ಲ" ಅಂತ ಮಾತ್ರ ಹೇಳಿದರೆ ಅದು ನಿಧಾನವಾಗಿ ಎಳೆದು ನೋಡಿದ ಪಟ್ಟಿಯ ತಾಕತ್ತು, ಡಿಕ್ಕಿಯ ಪರೀಕ್ಷೆ ಅಲ್ಲ.

ಇಂಥ ಪರೀಕ್ಷೆ ಪಾಸಾದ ಮಾಲು ನಮ್ಮ ಪೆಟ್ ಶಾಪುಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ, ಹೊರಗಿಂದ ತರಿಸಿದರೆ ದುಬಾರಿ. ಸಿಗದಿದ್ದರೆ ಕೈಯಲ್ಲಿ ಹಿಡಿದು ನೋಡಿ ಆರಿಸಬೇಕು. ಮೊದಲು ಒಳಮೈ ತಿರುಗಿಸಿ. ಲೀಶ್ ಸಿಕ್ಕಿಸುವ ಬೆನ್ನಿನ ರಿಂಗನ್ನು ಹಿಡಿದಿರುವ ಪಟ್ಟಿ ಹಾರ್ನೆಸ್ಸಿನ ಸುತ್ತ ಒಂದೇ ತುಂಡಾಗಿ ಹಾದುಹೋಗಿದೆಯಾ, ಅಥವಾ ಬಟ್ಟೆಯ ಮೇಲೊಂದು ಸಣ್ಣ ತುಂಡಿಟ್ಟು ಹೊಲಿದಿದ್ದಾರಾ? ಹೊಲಿದ ತುಂಡಾದರೆ ಭಾರವೆಲ್ಲ ದಾರದ ಮೇಲೆ, ಅದನ್ನು ಅಲ್ಲೇ ಬಿಡಿ. ಭಾರ ಹೊರುವ ಜಾಗದಲ್ಲಿ ಚೌಕದೊಳಗೆ ಗುಣಾಕಾರ ಚಿಹ್ನೆ ಹಾಕಿದಂಥ ಹೊಲಿಗೆಯೋ, ಒತ್ತೊತ್ತಾಗಿ ಅಂಕುಡೊಂಕು ಹೊಡೆದ ಗಟ್ಟಿ ಹೊಲಿಗೆಯೋ ಇರಬೇಕು. ಒಂದೇ ಸಾಲಿನ ಹೊಲಿಗೆ ಸಾಲದು. ಡಿ-ರಿಂಗಿನ ತಂತಿಯ ಎರಡು ತುದಿ ಸೇರುವ ಕಡೆ ಉಗುರಿನಿಂದ ಗೀರಿ ನೋಡಿ: ಬೆಸುಗೆ ಇಲ್ಲದೆ ಬರೀ ಬಗ್ಗಿಸಿದ್ದರೆ ಸಂದು ಸಿಗುತ್ತದೆ, ಎಳೆದಾಗ ಅದು ಬಾಯಿಬಿಡುತ್ತದೆ. ಪ್ಲಾಸ್ಟಿಕ್ ಬಕಲ್ ವಾಕಿಂಗಿಗೆ ಸಾಕು. ಕಾರಿಗೆ ಲೋಹದ್ದು ಮೇಲು, ಇಲ್ಲವೇ ಬಕಲ್ ಮೇಲೆ ನೇರ ಭಾರ ಬೀಳದ ವಿನ್ಯಾಸ ಇರಬೇಕು. ಪಟ್ಟಿ ಕನಿಷ್ಠ 25 ಮಿ.ಮೀ. ಅಗಲ, ಎದೆಯ ಮೇಲಿನದು ಇನ್ನೂ ಅಗಲ ಇದ್ದಷ್ಟೂ ಒಳ್ಳೆಯದು. ಪೆಟ್ಟು ಹಂಚಿಹೋಗುವುದು ಅಗಲದಿಂದ, ಒಳಗಿನ ಸ್ಪಂಜಿನಿಂದಲ್ಲ.

ಪರೀಕ್ಷೆ ಪಾಸಾಗದ ಹಾರ್ನೆಸ್ ದೊಡ್ಡ ಅಪಘಾತದಲ್ಲಿ ನಾಯಿಯನ್ನು ಉಳಿಸುತ್ತದೆ ಅಂತ ಅಂದುಕೊಳ್ಳಬೇಡಿ. ಸಡನ್ ಬ್ರೇಕ್ ಹಾಕಿದಾಗ ನಾಯಿ ಸೀಟಿನಿಂದ ಉರುಳದಂತೆ, ಡ್ರೈವರಿನ ಮಡಿಲಿಗೆ ಬರದಂತೆ, ಟೋಲಿನಲ್ಲಿ ಕಿಟಕಿಯಿಂದ ಹಾರದಂತೆ ತಡೆಯುತ್ತದೆ. ದಿನನಿತ್ಯ ಆಗುವ ಅನಾಹುತಗಳು ಹೆಚ್ಚಾಗಿ ಇವೇ ಆದ್ದರಿಂದ ಅದೂ ಸಣ್ಣ ಲಾಭವಲ್ಲ.

ಇನ್ನು ಸೀಟಿಗೆ ಕಟ್ಟುವುದು. ಮಾರುಕಟ್ಟೆಯಲ್ಲಿ ಹೆಚ್ಚಾಗಿ ಸಿಗುವುದು ಸೀಟ್ ಬೆಲ್ಟಿನ ಬಕಲ್‌ಗೆ ಚುಚ್ಚುವ ನಾಲಿಗೆ ಇರುವ ಪಟ್ಟಿ. ಇದರ ತೊಂದರೆ ಎರಡು. ನಾಲಿಗೆಯ ಅಳತೆ ಎಲ್ಲ ಕಾರಿಗೂ ಒಂದೇ ಅಲ್ಲ, ಟಕ್ ಅಂತ ಸದ್ದು ಬಂದ ಮೇಲೂ ಜೋರಾಗಿ ಎಳೆದು ನೋಡಬೇಕು. ನಾಯಿ ತಿರುಗಿ ಕೂರುವಾಗ ಕೆಂಪು ಗುಂಡಿಯ ಮೇಲೆ ಕಾಲಿಟ್ಟರೆ ಪಟ್ಟಿ ಬಿಚ್ಚಿಕೊಳ್ಳುತ್ತದೆ, ನಿಮಗೆ ಗೊತ್ತೂ ಆಗುವುದಿಲ್ಲ. ನಿಮ್ಮ ಕಾರಿನಲ್ಲಿ ಐಸೊಫಿಕ್ಸ್ (ಮಕ್ಕಳ ಸೀಟು ಸಿಕ್ಕಿಸುವ ಕೊಂಡಿ) ಇದ್ದರೆ ಅದಕ್ಕೆ ಸಿಕ್ಕಿಸುವ ಪಟ್ಟಿ ಕೊಳ್ಳಿ. ಹಿಂದಿನ ಸೀಟಿನ ಒರಗು ಮತ್ತು ಕೂರುವ ಭಾಗದ ಸಂದಿಯಲ್ಲಿ ಬೆರಳು ತೂರಿಸಿದರೆ ಕಬ್ಬಿಣದ ಸರಳು ತಗಲುತ್ತದಲ್ಲ, ಅದೇ. ಅದು ಬಾಡಿಗೇ ಕೂಡಿಕೊಂಡಿರುತ್ತದೆ, ಒತ್ತಿದರೆ ಬಿಚ್ಚುವ ಗುಂಡಿ ಅಲ್ಲಿರುವುದಿಲ್ಲ. ಹೆಡ್‌ರೆಸ್ಟಿಗೆ ಸುತ್ತುವ ಪಟ್ಟಿ ಬೇಡವೇ ಬೇಡ. ಹೆಡ್‌ರೆಸ್ಟು ಎಳೆದರೆ ಮೇಲಕ್ಕೆ ಬರುವಂಥದ್ದು, ಜೊತೆಗೆ ಮೇಲಿನಿಂದ ಕಟ್ಟಿದ ಪಟ್ಟಿ ಕುತ್ತಿಗೆಗೆ ಸುತ್ತಿಕೊಳ್ಳುತ್ತದೆ. ಸ್ಪ್ರಿಂಗಿನಂತೆ ಹಿಗ್ಗುವ ಎಲಾಸ್ಟಿಕ್ ಪಟ್ಟಿ "ಜರ್ಕ್ ತಡೆಯುತ್ತದೆ" ಅಂತ ಹೇಳಿ ಮಾರುತ್ತಾರೆ. ಬ್ರೇಕಿನ ಜರ್ಕಿಗೆ ನಿಜ. ಡಿಕ್ಕಿಯಲ್ಲಿ ಅದು ಹಿಗ್ಗಿದಷ್ಟೂ ನಾಯಿ ಮುಂದಿನ ಸೀಟಿಗೆ ಹತ್ತಿರವಾಗುತ್ತದೆ.

ಹುಕ್ಕು ಬೇರೆ ಕೊಳ್ಳುವುದಾದರೆ ಬಂಡೆ ಹತ್ತುವವರು ಬಳಸುವ ಕ್ಯಾರಬೀನರ್ ಕೊಳ್ಳಿ, ಎಷ್ಟು ಎಳೆತ ತಡೆಯುತ್ತದೆ ಅನ್ನುವ ಕಿಲೋನ್ಯೂಟನ್ ಲೆಕ್ಕ ಮೈಮೇಲೆ ಅಚ್ಚೊತ್ತಿರುತ್ತದೆ. ಕೀ ಗೊಂಚಲಿಗೆ ಹಾಕುವ ಬಣ್ಣದ ಹುಕ್ಕು ನೋಡಲು ಹಾಗೇ ಇರುತ್ತದೆ, ಬೆರಳಲ್ಲಿ ಬಗ್ಗಿಸಬಹುದು.

ಪಟ್ಟಿಯ ಉದ್ದಕ್ಕೆ ಒಂದೇ ಅಳತೆ ಹೇಳಲಾಗದು, ನಾಯಿಯನ್ನು ಕೂರಿಸಿಯೇ ನೋಡಬೇಕು. ಅದು ಕೂರಬೇಕು, ಮಲಗಬೇಕು, ಮುಂಗಾಲು ಮಾತ್ರ ಸೀಟಿನ ಅಂಚು ದಾಟಿ ಕೆಳಗಿಳಿಯಬಾರದು. ಕೆಳಗಿಳಿದರೆ ಶಿರಾಡಿಯ ತಿರುವುಗಳಲ್ಲಿ ಅರ್ಧ ದೇಹ ಕೆಳಗೆ, ಅರ್ಧ ಮೇಲೆ ಜೋತಾಡುತ್ತದೆ. ಸರಿಯಾದ ಉದ್ದ ಸಿಕ್ಕಿದ ಮೇಲೆ ಹೆಚ್ಚುವರಿ ತುದಿಯನ್ನು ಒಂದೆರಡು ಹೊಲಿಗೆ ಹಾಕಿ ನಿಲ್ಲಿಸಿ, ಜಾರುವ ಬಕಲ್ ಅಲುಗಾಟಕ್ಕೆ ಸಡಿಲವಾಗುತ್ತಲೇ ಇರುತ್ತದೆ. ಪಟ್ಟಿಯನ್ನು ಬೆನ್ನಿನ ರಿಂಗಿಗೇ ಸಿಕ್ಕಿಸಬೇಕು. ಎದೆಯ ರಿಂಗಿಗೆ ಸಿಕ್ಕಿಸಿದರೆ ಡಿಕ್ಕಿಯಲ್ಲಿ ನಾಯಿ ಗಿರಕಿ ಹೊಡೆಯುತ್ತದೆ. ಕಾಲರಿಗಂತೂ ಯಾವತ್ತೂ ಬೇಡ, ಅಷ್ಟೂ ಎಳೆತ ಕುತ್ತಿಗೆಯ ಮೇಲೆ. ಜಾಗ ಹಿಂದಿನ ಸೀಟು. ಮುಂದೆ ಏರ್‌ಬ್ಯಾಗ್ ಇದೆ, ಅದು ಸಿಡಿದರೆ ನಾಯಿಗೇ ಪೆಟ್ಟು.

ಈಗ ವಾಕಿಂಗಿಗೆ ಹೊಂದಿಸುವುದು. ಎದೆಯ ಮೇಲೆ ಅಡ್ಡಕ್ಕೆ ಒಂದೇ ಪಟ್ಟಿ ಹಾಯುವ ಹಾರ್ನೆಸ್ ಹಾಕಲು ಸುಲಭ, ಆದರೆ ಆ ಪಟ್ಟಿ ಭುಜದ ಕೀಲಿನ ಮೇಲೇ ಕೂರುತ್ತದೆ. ಕಾರಿನಲ್ಲಿ ಮೇಲಕ್ಕೆ ಜಾರಿ ಗಂಟಲು ಒತ್ತುತ್ತದೆ. ಎರಡಕ್ಕೂ ಹೊಂದುವುದು ಇಂಗ್ಲಿಷಿನ ವೈ ಅಕ್ಷರದಂತೆ ಕುತ್ತಿಗೆಯ ಎರಡೂ ಪಕ್ಕದಿಂದ ಇಳಿದು ಎದೆಮೂಳೆಯ ಮೇಲೆ ಕೂಡುವಂಥದ್ದು. ಎಳೆಯುವ ನಾಯಿಗೆ ಎದೆಯ ಮುಂದೊಂದು ರಿಂಗು ಇದ್ದರೆ ಅನುಕೂಲ: ಎಳೆದ ಕೂಡಲೇ ದೇಹ ಪಕ್ಕಕ್ಕೆ ತಿರುಗುತ್ತದೆ. ಎಳೆಯುವ ಚಟವನ್ನು ರಿಂಗು ಬಿಡಿಸುವುದಿಲ್ಲ, ಅದಕ್ಕೆ ತರಬೇತಿಯೇ ಬೇಕು.

ಅಳತೆಗೆ ದರ್ಜಿಯ ಟೇಪು ಸಾಕು. ಕಾಲರ್ ಕೂರುವ ಜಾಗವನ್ನಲ್ಲ, ಅದಕ್ಕಿಂತ ಕೆಳಗೆ ಕುತ್ತಿಗೆ ಭುಜಕ್ಕೆ ಸೇರುವ ಬುಡವನ್ನು ಅಳೆಯಿರಿ. ಎದೆಯ ಸುತ್ತಳತೆಯನ್ನು ಮುಂಗಾಲಿನ ಮೊಣಕೈಯಿಂದ ಮೂರು ಬೆರಳು ಹಿಂದೆ, ಪಕ್ಕೆಲುಬಿನ ಅತಿ ಅಗಲದ ಕಡೆ ತೆಗೆದುಕೊಳ್ಳಿ. ತೂಕ ನೋಡಿ ಸೈಜು ಆರಿಸಬೇಡಿ. 22 ಕಿಲೋದ ಇಂಡೀಗೂ ಅಷ್ಟೇ ತೂಕದ ಬುಲ್‌ಡಾಗ್‌ಗೂ ಎದೆಯ ಆಕಾರವೇ ಬೇರೆ. ಹಾಕಿದ ಮೇಲೆ ಎಲ್ಲ ಕಡೆ ಪಟ್ಟಿಯ ಕೆಳಗೆ ಎರಡು ಬೆರಳು ಚಪ್ಪಟೆಯಾಗಿ ತೂರಬೇಕು, ಮೂರನೆಯದು ತೂರಬಾರದು. ಪಟ್ಟಿ ಕಂಕುಳಿಗೆ ತಾಗಿದರೆ ವಾರದೊಳಗೆ ಕೂದಲು ಉದುರಿ ಚರ್ಮ ಕೆಂಪಾಗುತ್ತದೆ. ಹಾಗಾದರೆ ಸಡಿಲಿಸುವುದು ಪರಿಹಾರವಲ್ಲ, ಸೈಜೇ ತಪ್ಪಿದೆ.

ಇಂಡೀಗಳಲ್ಲಿ ಇನ್ನೊಂದು ತೊಡಕು. ತಲೆ ಚಿಕ್ಕದು, ಎದೆ ಆಳ, ಸೊಂಟ ಸಣ್ಣ. ಪಟಾಕಿ ಸದ್ದಿಗೋ ಬೀದಿನಾಯಿಗಳ ಗುಂಪಿಗೋ ಬೆದರಿ ಹಿಂದಕ್ಕೆ ಜಗ್ಗಿದರೆ ಹಾರ್ನೆಸ್ ಅಂಗಿಯಂತೆ ತಲೆಯ ಮೇಲಿಂದ ಕಳಚಿ ನಿಮ್ಮ ಕೈಯಲ್ಲಿ ಉಳಿಯುತ್ತದೆ. ಮನೆಯೊಳಗೇ ಪರೀಕ್ಷಿಸಿ: ಲೀಶ್ ಸಿಕ್ಕಿಸಿ, ನಾಯಿಯ ಎದುರು ನಿಂತು, ನಿಮ್ಮ ಕಡೆಗೆ ಮೆಲ್ಲಗೆ ಎಳೆಯಿರಿ, ಅದು ಹಿಂದಕ್ಕೆ ಸರಿಯಲಿ. ಮೊಣಕೈ ಪಟ್ಟಿಯೊಳಗಿಂದ ಹೊರಬರುವ ಲಕ್ಷಣ ಕಂಡರೆ ಪಕ್ಕೆಲುಬಿನ ಹಿಂದೆ ಸೊಂಟದ ಹತ್ತಿರ ಮೂರನೇ ಪಟ್ಟಿ ಇರುವ ಹಾರ್ನೆಸ್ ಬೇಕು. ಅದಿಲ್ಲದಿದ್ದರೆ ಕಾಲರಿನಿಂದ ಬೆನ್ನಿನ ರಿಂಗಿಗೆ ಒಂದು ಗೇಣಿನ ಪಟ್ಟಿ ಹಾಕಿ, ಹಾರ್ನೆಸ್ ಕಳಚಿದರೂ ಕಾಲರ್ ಉಳಿಯುತ್ತದೆ. ಆದರೆ ಕಾರು ಹತ್ತಿಸುವಾಗ ಈ ಜೋಡುಪಟ್ಟಿಯನ್ನು ಮರೆಯದೆ ಬಿಚ್ಚಿ. ಬಿಚ್ಚದಿದ್ದರೆ ಸೀಟಿನ ಎಳೆತ ಬೆನ್ನಿನಿಂದ ಕುತ್ತಿಗೆಗೆ ಹೋಗುತ್ತದೆ, ಹಾರ್ನೆಸ್ ಹಾಕಿದ ಉದ್ದೇಶವೇ ಹಾಳು. ಒಂದೇ ಹಾರ್ನೆಸ್ಸನ್ನು ಎರಡಕ್ಕೂ ಬಳಸುವವರು ಸಾಮಾನ್ಯವಾಗಿ ಮರೆಯುವುದು ಇದನ್ನೇ.

ಕಾರಿನ ವೆಸ್ಟು ದಪ್ಪ, ಏಪ್ರಿಲ್ ಬಿಸಿಲಿನಲ್ಲಿ ಹನ್ನೊಂದು ಗಂಟೆಗೆ ಅದನ್ನು ಹಾಕಿ ನಡೆಸಿದರೆ ನಾಯಿಗೆ ಹಿಂಸೆ. ಬೆಳಗ್ಗೆ-ಸಂಜೆಗೆ ತೊಂದರೆಯಿಲ್ಲ. ಮಂಗಳೂರಿನ ಮಳೆಗಾಲದಲ್ಲಿ ಸ್ಪಂಜು ಎರಡು ದಿನವಾದರೂ ಒಣಗುವುದಿಲ್ಲ. ಒದ್ದೆಯದನ್ನೇ ಹಾಕಿದರೆ ಕೆಳಗೆ ಚರ್ಮ ಬೆಂದು ಹುಣ್ಣಾಗುತ್ತದೆ. ಒಳಮೈಯ ಹೊಲಿಗೆ ಸಂದುಗಳಲ್ಲಿ ರಕ್ತ ಹೀರುವ ಉಣ್ಣಿ ಸೇರಿಕೊಂಡಿರುತ್ತದೆ, ತೆಗೆದಾಗಲೆಲ್ಲ ಬೆರಳಾಡಿಸಿ. ತೊಳೆಯುವುದು ತಣ್ಣೀರು, ಸೌಮ್ಯ ಸೋಪು, ಒಣಗಿಸುವುದು ನೆರಳಲ್ಲಿ. ಬಿಸಿಲು ನೈಲಾನನ್ನು ಒಳಗೊಳಗೇ ತಿನ್ನುತ್ತದೆ. ನಾಯಿ ಪಟ್ಟಿಯ ಅಂಚನ್ನು ಕಚ್ಚಿ ಎಳೆ ಎದ್ದಿದ್ದರೆ ವಾಕಿಂಗಿಗೆ ಇನ್ನಷ್ಟು ದಿನ ನಡೆಯಬಹುದು, ಕಾರಿಗೆ ಬೇಡ. ಒಮ್ಮೆ ಡಿಕ್ಕಿ ಕಂಡ ಹಾರ್ನೆಸ್ ಹೊರಗೆ ಚೆನ್ನಾಗಿ ಕಂಡರೂ ಎಸೆಯಿರಿ. ಸೆಕೆಂಡ್ ಹ್ಯಾಂಡ್ ಬೇಡ ಅನ್ನುವುದೂ ಇದೇ ಕಾರಣಕ್ಕೆ.

ದಿನಕ್ಕೆರಡು ವಾಕಿಂಗು ಅಂದರೆ ವರ್ಷಕ್ಕೆ ಏಳುನೂರಕ್ಕೂ ಹೆಚ್ಚು ಸಲ ಅದೇ ಪಟ್ಟಿ ಕೆಸರು, ಮರಳು, ಎಳೆದಾಟ ತಿನ್ನುತ್ತದೆ. ಆದ್ದರಿಂದ ಕೈಯಲ್ಲಿ ದುಡ್ಡಿದ್ದರೆ ನನ್ನ ಮತ ಎರಡು ಹಾರ್ನೆಸ್ಸಿಗೇ: ಒಳ್ಳೆಯದು ಕಾರಿನಲ್ಲೇ ಇರಲಿ, ಹಗುರದ ಅಗ್ಗದ್ದು ವಾಕಿಂಗಿಗೆ. ಒಂದೇ ಅಂದರೆ ಮೇಲಿನಂತೆ ಕಾರಿನದ್ದನ್ನೇ ಕೊಂಡು, ಪ್ರತಿ ಪ್ರಯಾಣದ ಹಿಂದಿನ ರಾತ್ರಿ ಹೊಲಿಗೆ, ರಿಂಗು, ಬಕಲ್ ಒಮ್ಮೆ ನೋಡಿ. ಬಕಲ್‌ನ ಬಾಯಲ್ಲಿ ಮರಳೋ ಕೂದಲೋ ಸಿಕ್ಕಿದ್ದರೆ ಸದ್ದು ಬಂದರೂ ಪೂರ್ತಿ ಕೂತಿರುವುದಿಲ್ಲ.

ಹೊಸದನ್ನು ಹಾಕಿ ನೇರ 350 ಕಿ.ಮೀ. ಹೊರಡಬೇಡಿ. ನಾಲ್ಕು ದಿನ ಮನೆಯಲ್ಲಿ ಊಟದ ಹೊತ್ತಿಗೆ ಹಾಕಿ, ಆಮೇಲೆ ನಿಂತ ಕಾರಿನಲ್ಲಿ ಕಟ್ಟಿ ಕೂರಿಸಿ, ಆಮೇಲೆ ಬಡಾವಣೆಯಲ್ಲಿ ಎರಡು ಸುತ್ತು. ಅಷ್ಟರಲ್ಲಿ ಅದು ಪಟ್ಟಿ ಕಚ್ಚುವ ಜಾತಿಯೋ ಅಲ್ಲವೋ ಗೊತ್ತಾಗುತ್ತದೆ. ಕಚ್ಚುವುದಾದರೆ ಬೆನ್ನಿನ ಹತ್ತಿರದ ಭಾಗಕ್ಕೆ ಹೊದಿಕೆಯಿರುವ ಉಕ್ಕಿನ ತಂತಿ ಇರುವ ಪಟ್ಟಿ ಸಿಗುತ್ತದೆ, ಅದನ್ನು ಹಾಕಿ.

ದಾರಿಯಲ್ಲಿ ಹಾಸನದಲ್ಲೋ ಸಕಲೇಶಪುರದಲ್ಲೋ ನೀರು ಕುಡಿಸಲು ನಿಲ್ಲಿಸಿದಾಗ ನಾಯಿಗಳು ತಪ್ಪಿಸಿಕೊಳ್ಳುವುದು ಜಾಸ್ತಿ, ಅದೂ ಲಾರಿಗಳು ಓಡುವ ಹೆದ್ದಾರಿಯ ಪಕ್ಕದಲ್ಲಿ. ಬಾಗಿಲು ಮುಚ್ಚಿರುವಾಗಲೇ ಒಳಗಿರುವ ಒಬ್ಬರು ಲೀಶನ್ನು ಹಾರ್ನೆಸ್ಸಿಗೆ ಸಿಕ್ಕಿಸಿ ಕೈಗೆ ಸುತ್ತಿಕೊಳ್ಳಲಿ, ಆಮೇಲೆ ಸೀಟಿನ ಪಟ್ಟಿ ಬಿಚ್ಚಲಿ, ಬಾಗಿಲು ತೆಗೆಯುವುದು ಕೊನೆಗೆ. ಮತ್ತೆ ಹತ್ತಿಸುವಾಗ ಬಾಗಿಲು ಮುಚ್ಚಿ, ಸೀಟಿನ ಪಟ್ಟಿ ಹಾಕಿ, ಎಳೆದು ನೋಡಿ, ಆಮೇಲೆಯೇ ಲೀಶ್ ಬಿಚ್ಚಿ.