ಆರೋಗ್ಯ ಪ್ರಶ್ನೋತ್ತರ: ನಿಮ್ಮ ರಿಪೋರ್ಟು ಯಾರ ಕೈಯಲ್ಲಿದೆ?

ಪ್ರಶ್ನೆ: ಆಸ್ಪತ್ರೆ ಕೌಂಟರಿನಲ್ಲಿ ಕ್ಯೂಆರ್ ಸ್ಕ್ಯಾನ್ ಮಾಡಿ, ಆಭಾ ನಂಬರ್ ಕೊಡಿ ಅಂತಾರೆ. ಕೊಟ್ಟರೆ ಹಳೇ ರಿಪೋರ್ಟುಗಳೆಲ್ಲ ಅವರಿಗೆ ಹೋಗಿಬಿಡುತ್ತವೆಯೇ?
– ಓದುಗರು, ಜಯನಗರ

ಉತ್ತರ: ಇಲ್ಲ. ಆಭಾ ಎಂದರೆ ನಿಮ್ಮ ಆರೋಗ್ಯ ದಾಖಲೆಗಳನ್ನು ಜೋಡಿಸುವ 14 ಅಂಕಿಯ ಸರ್ಕಾರಿ ಗುರುತಿನ ಸಂಖ್ಯೆ; ಅದು ಕಡ್ಡಾಯವೂ ಅಲ್ಲ. (ಆಯುಷ್ಮಾನ್ ಕಾರ್ಡ್ ಬೇರೆ, ಅದು ಚಿಕಿತ್ಸೆಯ ಖರ್ಚಿಗೆ.) ಸ್ಕ್ಯಾನ್ ಮಾಡಿದಾಗ ಹೋಗುವುದು ಹೆಸರು, ವಯಸ್ಸು, ಲಿಂಗ, ವಿಳಾಸ, ಮೊಬೈಲ್‌ನಂಥ ವಿವರ. ರಿಪೋರ್ಟುಗಳು ಅವನ್ನು ಮಾಡಿದ ಆಸ್ಪತ್ರೆ, ಲ್ಯಾಬಿನಲ್ಲೇ ಇರುತ್ತವೆ. ಬೇರೆ ವೈದ್ಯರು ನೋಡಬೇಕಾದರೆ ನಿಮ್ಮ ಆಭಾ ಆ್ಯಪ್‌ಗೆ ಒಪ್ಪಿಗೆ ಕೋರಿಕೆ ಬರುತ್ತದೆ. ಓದದೆ ಒತ್ತಿಬಿಡುವುದೇ ಇಲ್ಲಿನ ತೊಂದರೆ. ಯಾರು ಕೇಳುತ್ತಿದ್ದಾರೆ, ಯಾತಕ್ಕೆ, ಯಾವ ಬಗೆಯ ದಾಖಲೆ, ಯಾವ ತಾರೀಖಿನಿಂದ ಯಾವ ತಾರೀಖಿನವರೆಗೆ, ಒಪ್ಪಿಗೆ ಎಂದಿಗೆ ಮುಗಿಯುತ್ತದೆ, ಎಲ್ಲವೂ ಅದರಲ್ಲಿರುತ್ತದೆ. ಮಂಡಿನೋವಿಗೆ ಹೋದವರು ಹತ್ತು ವರ್ಷದ ದಾಖಲೆ ತೆರೆದಿಡಬೇಕಿಲ್ಲ. ತಾರೀಖು ಕಡಿಮೆ ಮಾಡಿ ಒಪ್ಪಿ. ಆಮೇಲೆ ಒಪ್ಪಿಗೆ ವಾಪಸ್ ಪಡೆಯಬಹುದು, ಆದರೆ ಅಷ್ಟರಲ್ಲಿ ತೆಗೆದ ಪ್ರಿಂಟು ವಾಪಸ್ ಬರುವುದಿಲ್ಲ.

ನಿಮ್ಮದೇ ರಿಪೋರ್ಟು ಆ್ಯಪ್‌ನಲ್ಲಿ ಕಾಣದಿದ್ದರೆ ಮೊದಲು ಇನಿಷಿಯಲ್ ನೋಡಿ. ಆಸ್ಪತ್ರೆಯ ಕಡತದಲ್ಲಿ ‘ಕೆ.ಎಸ್.’, ಆಧಾರ್‌ನಲ್ಲಿ ಪೂರ್ತಿ ಊರು, ತಂದೆಯ ಹೆಸರು. ಜೊತೆಗೆ ಆಸ್ಪತ್ರೆಯಲ್ಲಿ ಬರೆಸಿದ್ದು ಮಗನ ಮೊಬೈಲ್ ನಂಬರ್ ಆಗಿರಬಹುದು. ಹೆಸರು, ಲಿಂಗ, ಹುಟ್ಟಿದ ವರ್ಷ, ಮೊಬೈಲ್ ತಾಳೆಯಾಗದಿದ್ದರೆ ದಾಖಲೆ ಜೋಡಣೆಯಾಗದು. ಕೌಂಟರಿನಲ್ಲೇ ತಿದ್ದಿಸಿ.

ಪ್ರಶ್ನೆ: ತಂದೆಯವರಿಗೆ ಸ್ಟೆಂಟ್ ಹಾಕಿದ್ದಾರೆ. ಕ್ಲೋಪಿಡೊಗ್ರೆಲ್ ಅವರ ಮೈಗೆ ಹಿಡಿಯುತ್ತದೋ ಇಲ್ಲವೋ ನೋಡಲು ಜೀನ್ ಪ್ಯಾಕೇಜ್ ಮಾಡಿಸಬೇಕೇ?
– ಓದುಗರು, ಯಲಹಂಕ

ಉತ್ತರ: ಹಲವು ಜೀನ್ ಒಟ್ಟಿಗೆ ನೋಡುವ ಪ್ಯಾಕೇಜ್ ಬೇಡ. ರಕ್ತ ಹೆಪ್ಪುಗಟ್ಟದಂತೆ ತಡೆಯುವ ಈ ಮಾತ್ರೆ ಕೆಲಸ ಮಾಡಬೇಕಾದರೆ ಯಕೃತ್ತಿನ ಸಿವೈಪಿ2ಸಿ19 ಎಂಬ ಕಿಣ್ವ (ಎಂಜೈಮ್) ಅದನ್ನು ಸಕ್ರಿಯ ರೂಪಕ್ಕೆ ಬದಲಾಯಿಸಬೇಕು. ಆ ಕಿಣ್ವ ತಯಾರಿಸುವ ಜೀನಿನ ಎರಡೂ ಪ್ರತಿ ದುರ್ಬಲವಾಗಿದ್ದರೆ ಮಾತ್ರೆಯ ಪರಿಣಾಮ ತಗ್ಗುತ್ತದೆ; ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2010ರಲ್ಲೇ ಎಚ್ಚರಿಕೆ ಕೊಟ್ಟಿದೆ. ಹೃದ್ರೋಗ ತಜ್ಞರು ಬೇಕೆಂದರೆ ಆ ಒಂದೇ ಜೀನಿನ ಪರೀಕ್ಷೆ ಮಾಡಿಸಿ. ಜೀನಿನ ಯಾವ ಯಾವ ರೂಪಾಂತರ (ಬದಲಾದ ರೂಪ) ನೋಡಿದ್ದಾರೆಂದು ರಿಪೋರ್ಟಿನಲ್ಲಿ ಬರೆದಿರಬೇಕು. ‘ನಾರ್ಮಲ್’ ಎಂದರೆ ನೋಡಿದವು ಸಿಗಲಿಲ್ಲ ಎಂದಷ್ಟೇ. ಗ್ಯಾಸ್ಟ್ರಿಕ್‌ಗೆಂದು ಒಮೆಪ್ರಜೋಲ್ ನುಂಗುತ್ತಿದ್ದರೆ ಅದನ್ನೂ ವೈದ್ಯರಿಗೆ ಹೇಳಿ, ಅದು ಇದೇ ಕಿಣ್ವವನ್ನು ತಡೆಯುತ್ತದೆ. ಫಲಿತಾಂಶ ಏನೇ ಬರಲಿ, ಮಾತ್ರೆಯನ್ನು ನೀವಾಗಿ ನಿಲ್ಲಿಸಬೇಡಿ, ಸ್ಟೆಂಟಿನಲ್ಲಿ ರಕ್ತ ಹೆಪ್ಪುಗಟ್ಟಬಹುದು. ಲ್ಯಾಬಿನ ಫಾರಂನಲ್ಲಿ ‘ಸಂಶೋಧನೆಗೆ ಬಳಸಲು ಒಪ್ಪಿಗೆ’ ಎಂಬ ಸಾಲಿದ್ದರೆ ಅದು ಪರೀಕ್ಷೆಗೆ ಸಂಬಂಧಿಸಿದ್ದಲ್ಲ. ಬೇಡವಾದರೆ ಹೊಡೆದುಹಾಕಿ ಸಹಿ ಮಾಡಿ.

ಪ್ರಶ್ನೆ: ಸರ್ಕಾರದ ಆರೋಗ್ಯ ಸಮೀಕ್ಷೆಯವರು ಮನೆಗೆ ಬಂದು ಬಿಪಿ, ಶುಗರ್ ಬರೆದುಕೊಂಡು ಹೋದರು. ಆ ಲೆಕ್ಕ ಏನಾಯಿತೆಂದು ಕೇಳಬಹುದೇ?
– ಓದುಗರು, ಪೀಣ್ಯ

ಉತ್ತರ: ಧಾರಾಳವಾಗಿ. ಮಾಹಿತಿ ಹಕ್ಕು ಅರ್ಜಿ, 10 ರೂಪಾಯಿ ಶುಲ್ಕ. ಕರ್ನಾಟಕದ ನಿಯಮದಂತೆ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ‘ಯಾಕೆ ಮಾಡಿದಿರಿ’ ಎಂದು ಕೇಳಿದರೆ ಉತ್ತರ ಬಾರದು, ದಾಖಲೆ ಕೇಳಿ: ಸಮೀಕ್ಷೆಯ ಆದೇಶದ ಪ್ರತಿ, ಸಮೀಕ್ಷೆಯ ಆ್ಯಪ್ ಇದ್ದರೆ ಅದನ್ನು ನಡೆಸುವ ಸಂಸ್ಥೆಯೊಂದಿಗಿನ ಒಪ್ಪಂದ, ವಾರ್ಡಿನಲ್ಲಿ ತಪಾಸಣೆಯಾದವರೆಷ್ಟು, ಬಿಪಿ ಹೆಚ್ಚಿದ್ದವರೆಷ್ಟು, ಅವರಲ್ಲಿ ಔಷಧಿ ಸಿಕ್ಕಿದ್ದು ಎಷ್ಟು ಜನಕ್ಕೆ. ಹೆಸರು ಕೇಳಿದರೆ ಖಾಸಗಿ ಮಾಹಿತಿ ಎಂದು ತಿರಸ್ಕರಿಸುತ್ತಾರೆ, ಸರಿಯೇ. ಪಾಲಿಕೆಯೋ ಆರೋಗ್ಯ ಇಲಾಖೆಯೋ ಎಂಬ ಗೊಂದಲ ಬೆಂಗಳೂರಿನಲ್ಲಿ ಇದ್ದದ್ದೇ; ತಪ್ಪು ಕಚೇರಿಗೆ ಹೋದರೆ ಅವರೇ 5 ದಿನದೊಳಗೆ ವರ್ಗಾಯಿಸಬೇಕು. 30 ದಿನ ಕಳೆದರೂ ಉತ್ತರವಿಲ್ಲದಿದ್ದರೆ, ಮುಂದಿನ 30 ದಿನದೊಳಗೆ ಅದೇ ಕಚೇರಿಯ ಮೇಲಧಿಕಾರಿಗೆ ಮೊದಲ ಮೇಲ್ಮನವಿ ಹಾಕಿ. ಅರ್ಜಿ ತಲುಪಿದ ಸೀಲಿನ ಪ್ರತಿ ಜೋಪಾನ, ದಿನ ಎಣಿಸುವುದು ಅದರಿಂದಲೇ.