ಪರಿಸರಸ್ನೇಹಿ ಕಟ್ಟಡವೋ, ಎಲ್ಲರಿಗೂ ಎಟುಕುವ ಕಟ್ಟಡವೋ: ಬಿ.ಆರ್ಕ್ ಆದಮೇಲೆ ಯಾವುದನ್ನು ಓದಲಿ?

ಬಿ.ಆರ್ಕ್, ಅಂದರೆ ವಾಸ್ತುಶಿಲ್ಪ ಪದವಿ ಮುಗಿದಮೇಲೆ ಪರಿಸರಸ್ನೇಹಿ ಕಟ್ಟಡಗಳ ಬಗ್ಗೆ ಓದಲೋ, ಎಲ್ಲರಿಗೂ ಎಟುಕುವ ಕಟ್ಟಡಗಳ ಬಗ್ಗೆ ಓದಲೋ ಅಂತ ಕೇಳಿದ್ದೀರಿ. ಎರಡರಲ್ಲಿ ಒಂದನ್ನು ಆರಿಸಿಕೊಳ್ಳಲೇಬೇಕು ಅಂದುಕೊಂಡಿದ್ದೀರಿ. ಓದು ಮುಗಿಸಿದಾಗ ನಾನೂ ಹಾಗೇ ಅಂದುಕೊಂಡಿದ್ದೆ. ಮಣ್ಣಿನ ಗೋಡೆ, ಮಳೆನೀರು, ಗಾಳಿ ಬೆಳಕು ನನ್ನ ದಾರಿ. ಗಾಲಿಕುರ್ಚಿ ಏರುವ ಇಳಿಜಾರು, ಅಂದರೆ ರ‍್ಯಾಂಪು, ಅಗಲದ ಬಾಗಿಲು ಬೇರೆ ಯಾರದ್ದೋ ಕೆಲಸ ಅಂತ.

ಕೆಲಸಕ್ಕೆ ಸೇರಿದ ಮೂರನೇ ವರ್ಷ ತುಮಕೂರು ಕಡೆಯ ಒಂದು ಹಳ್ಳಿಯಲ್ಲಿ ಪುಟ್ಟ ಗ್ರಂಥಾಲಯ ಕಟ್ಟುವ ಅವಕಾಶ ಸಿಕ್ಕಿತು. ಸುಟ್ಟ ಇಟ್ಟಿಗೆ ಬೇಡವೇ ಬೇಡ ಅಂತ ಹಟ ಹಿಡಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಹಳ್ಳಿಗಳಿಗೆ ಒಗ್ಗುವ ತಂತ್ರಜ್ಞಾನಕ್ಕಾಗಿ 1974ರಲ್ಲಿ ಶುರುವಾದ 'ಅಸ್ತ್ರ' ಕೇಂದ್ರದವರು ಬೆಳೆಸಿದ ಮಣ್ಣಿನ ಬ್ಲಾಕ್ ನಿಮಗೆ ಗೊತ್ತಿರಬೇಕು. ಅದನ್ನೇ ಆರಿಸಿದೆ. ಪಕ್ಕದಲ್ಲೇ ಸಿಕ್ಕ ಕೆಂಪು ಮಣ್ಣು, ಸ್ವಲ್ಪ ಮರಳು, ನೂರಕ್ಕೆ 7 ಪಾಲು ಸಿಮೆಂಟು, ಕೈಯಲ್ಲಿ ಎಳೆಯುವ ಪ್ರೆಸ್. ಊರಿನವರೇ ಮಣ್ಣು ಜರಡಿ ಹಿಡಿದರು, ಅವರೇ ಒತ್ತಿದರು, ಅವರೇ ಗೋಣಿಚೀಲ ಹೊದಿಸಿ ಮೂರು ವಾರ ನೀರು ಹಾಕಿದರು. ಗೂಡು ಇಲ್ಲ, ಸೌದೆ ಇಲ್ಲ. ಸುಟ್ಟ ಇಟ್ಟಿಗೆಗೆ ಖರ್ಚಾಗುವ ಶಕ್ತಿಯ ಸುಮಾರು ಕಾಲು ಭಾಗ ಇದಕ್ಕೆ ಸಾಕು. ಕೂಲಿಯೂ ಊರಲ್ಲೇ ಉಳಿಯಿತು. ಆ ಗೋಡೆ ಬಗ್ಗೆ ನನಗೆ ಈಗಲೂ ಹೆಮ್ಮೆಯಿದೆ.

ತಪ್ಪಿದ್ದು ಬಾಗಿಲಲ್ಲಿ. ಇದನ್ನು ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕಂದ್ರೆ ನೀವೂ ಇಲ್ಲೇ ಎಡವಬಹುದು.

ಮಣ್ಣಿನ ಗೋಡೆಯ ಬುಡಕ್ಕೆ ನೀರು ತಾಗಬಾರದು. ಸೂರಿನ ನೀರು ನೆಲಕ್ಕೆ ಬಡಿದು ಚಿಮ್ಮಿದರೂ ತಳದ ಸಾಲು ಸವೆಯುತ್ತದೆ. ಅದಕ್ಕೇ ಕಲ್ಲಿನ ಪಾಯ ಎತ್ತರಿಸುತ್ತೇವೆ. ಆ ಸೈಟು ಹಿಂಬದಿಯಿಂದ ರಸ್ತೆ ಕಡೆಗೆ ಎರಡು ಅಡಿ ಇಳಿಜಾರು. ಹಿಂದೆ ನೆಲದಿಂದ ಬರೀ ಅರ್ಧ ಅಡಿ ಮೇಲಿದ್ದ ಪಾಯ, ರಸ್ತೆ ಕಡೆ ಬರುವ ಹೊತ್ತಿಗೆ ಎರಡೂವರೆ ಅಡಿ. ನಾನು ಬಾಗಿಲು ಇಟ್ಟಿದ್ದು ರಸ್ತೆ ಕಡೆಗೆ. ಯಾಕೆ? ರಸ್ತೆಯಿಂದ ಚೆನ್ನಾಗಿ ಕಾಣುತ್ತದೆ ಅಂತ. ಬೇರೆ ಯಾವ ಕಾರಣವೂ ಇರಲಿಲ್ಲ. ಐದು ಅಗಲವಾದ ಕಲ್ಲಿನ ಮೆಟ್ಟಿಲು, ಎರಡೂ ಬದಿ ಜಗಲಿ. ಆ ಚಿತ್ರಕ್ಕೆ ನಾನೇ ಮನಸೋತಿದ್ದೆ.

ರ‍್ಯಾಂಪ್ ನೆನಪಾಗಿದ್ದು ಕೊನೆಗೆ. ಒಂದು ಅಡಿ ಏರಲು 12 ಅಡಿ ಉದ್ದ ಬೇಕು, ಅಂದರೆ ಎರಡೂವರೆ ಅಡಿಗೆ 30 ಅಡಿ. ರಸ್ತೆವರೆಗೆ ಉಳಿದಿದ್ದ ಜಾಗ 15 ಅಡಿ. ಮಡಚಿ ಕಟ್ಟಿದರೆ ಜಗಲಿ ಮುಚ್ಚಿಹೋಗುತ್ತದೆ ಅಂತ ಆ 15 ಅಡಿಯಲ್ಲೇ ಮುಗಿಸಿದೆ. ಇರಬೇಕಾದ್ದಕ್ಕಿಂತ ಎರಡು ಪಟ್ಟು ಕಡಿದಾಯಿತು. ನಕ್ಷೆಯಲ್ಲಿ ರ‍್ಯಾಂಪ್ ಅಂತ ಬರೆದಿತ್ತು. ಯಾರೂ ಅಳೆಯಲಿಲ್ಲ.

ಊರಲ್ಲಿ ಒಬ್ಬರು ಪೋಲಿಯೊದಿಂದ ಎರಡೂ ಕಾಲು ಸೋತವರು. ಕೈಯಲ್ಲಿ ಪೆಡಲ್ ತಿರುಗಿಸುವ ಮೂರು ಗಾಲಿ ಸೈಕಲ್ಲು. ಪೇಪರ್ ಅಂದ್ರೆ ಪ್ರಾಣ. ಗ್ರಂಥಾಲಯ ಶುರುವಾದ ದಿನವೇ ಬಂದರು. ಅರ್ಧ ಏರುವಷ್ಟರಲ್ಲಿ ಅವರ ತೋಳು ನಡುಗುವುದು ಕಂಡಿತು. ಪೆಡಲ್ ನಿಂತಿತು. ಗಾಡಿ ಮೆಲ್ಲಗೆ ಹಿಂದಕ್ಕೆ ಜಾರಿತು. ಇಬ್ಬರು ಹುಡುಗರು ಓಡಿಬಂದು ಹಿಡಿದರು, ಒಳಗೆ ತಳ್ಳಿದರು, ಎಲ್ಲರೂ ಚಪ್ಪಾಳೆ ತಟ್ಟಿದರು. ಹೋಗುವಾಗ ಅವರು ಕೇಳಿದ್ದು ಇಷ್ಟೇ: "ದಿನಾ ಯಾರನ್ನ ಕರೀಲಿ ಮೇಡಂ?"

ಆಮೇಲೆ ಅವರು ರಸ್ತೆಯಲ್ಲೇ ನಿಲ್ಲುತ್ತಿದ್ದರು. ಗ್ರಂಥಾಲಯ ನೋಡಿಕೊಳ್ಳುವಾಕೆ ಪೇಪರ್ ತಂದುಕೊಡುತ್ತಿದ್ದರು. ಬಿಸಿಲಲ್ಲೇ ಓದಿ, ಮಡಚಿ, ವಾಪಸ್ ಕೊಟ್ಟು ಹೋಗುತ್ತಿದ್ದರು. ನಾಲ್ಕು ವರ್ಷ. ಅಷ್ಟರಲ್ಲಿ ನಾನು ಅದೇ ಕಟ್ಟಡದ ಫೋಟೊ ತೋರಿಸಿ ಎರಡು ಕಾಲೇಜುಗಳಲ್ಲಿ ಮಾತಾಡಿ ಬಂದಿದ್ದೆ. ಬರೆಯುವಾಗಲೂ ಸಂಕಟವಾಗುತ್ತದೆ.

ದಾರಿ ತೋರಿಸಿದ್ದು ಊರಿನ ಮೇಸ್ತ್ರಿ. ಹೆಂಚು ಬದಲಿಸಲು ಹೋಗಿದ್ದೆವು. ಹಿಂದಿನ ಕಿಟಕಿ ತೋರಿಸಿ, "ಇದನ್ನೇ ಬಾಗಿಲು ಮಾಡಿದ್ರೆ ಹೆಂಗೆ?" ಅಂದರು. ನಾಲ್ಕು ಅಡಿ ಅಗಲ, ಮೇಲಿನ ಗೋಡೆಯ ಭಾರ ಹೊರುವ ಲಿಂಟಲ್ ಆಗಲೇ ಇತ್ತು. ಕಿಟಕಿ ಕೆಳಗಿನ ಗೋಡೆ ಬಿಚ್ಚಿದರೆ ಸಾಕು. ಅರ್ಧ ಅಡಿ ಏರಿಗೆ ಆರು ಅಡಿ ರ‍್ಯಾಂಪ್. ಮೇಲಿನಿಂದ ಹರಿದುಬರುವ ನೀರಿಗೆ ಚರಂಡಿ ತೋಡಿ, ಅದರ ಮೇಲೆ ಚಪ್ಪಡಿ ಕಲ್ಲು ಹಾಸಿದೆವು. ಎತ್ತರದ ಹೊಸ್ತಿಲು ಬೇಡ ಅಂದಾಗ ಮಾತ್ರ ಮೇಸ್ತ್ರಿಗೆ ಇರಿಸುಮುರುಸಾಯಿತು. ಕೊನೆಗೆ ನೆಲದ ಮಟ್ಟಕ್ಕೆ ಒಂದು ಕಲ್ಲು ಹೂತು, ಅದಕ್ಕೇ ಅರಿಶಿನ ಕುಂಕುಮ ಹಚ್ಚಿದರು.

ರಸ್ತೆಯಿಂದ ಹಿಂದಕ್ಕೆ ಹೋಗುವ ಓಣಿ 40 ಅಡಿಯಲ್ಲಿ ಎರಡು ಅಡಿ ಏರುತ್ತದೆ. ಸೈಕಲ್ಲಿಗೆ ಅದು ಏರೇ ಅಲ್ಲ. ನಾನು ಜಾಗ ಸಾಲದು ಅಂದ ರ‍್ಯಾಂಪನ್ನು ನೆಲವೇ ಮೊದಲಿನಿಂದ ಕೊಟ್ಟಿತ್ತು. ಈಗ ಮಂಡಿನೋವಿನ ಅಜ್ಜಿಯರು, ಸೊಂಟದ ಮೇಲೆ ಮಗು ಎತ್ತಿಕೊಂಡವರು ಎಲ್ಲ ಆ ಬಾಗಿಲಲ್ಲೇ ಓಡಾಡುತ್ತಾರೆ.

ಹಾಗಾಗಿ ನಿಮ್ಮ ಪ್ರಶ್ನೆಯನ್ನೇ ನಾನು ಒಪ್ಪಲ್ಲ. ಬಾಗಿಲು ಮೊದಲೇ ಹಿಂದಿದ್ದಿದ್ದರೆ ಐದು ಮೆಟ್ಟಿಲಿನ ಕಲ್ಲು, 15 ಅಡಿ ರ‍್ಯಾಂಪಿನ ಕಾಂಕ್ರೀಟು ಎರಡೂ ಉಳಿಯುತ್ತಿದ್ದವು, ಆ ಮನುಷ್ಯನೂ ಮೊದಲ ದಿನವೇ ತಾನಾಗಿ ಒಳಗೆ ಬರುತ್ತಿದ್ದರು. ಯಾವುದು ಪರಿಸರ, ಯಾವುದು ಜನ ಅಂತ ಹೇಗೆ ಬೇರೆ ಮಾಡುತ್ತೀರಿ? 2011ರ ಜನಗಣತಿ ಪ್ರಕಾರ ನಮ್ಮ ರಾಜ್ಯದಲ್ಲೇ 13 ಲಕ್ಷಕ್ಕೂ ಜಾಸ್ತಿ ವಿಕಲಚೇತನರಿದ್ದಾರೆ. ಅವರ ಹಕ್ಕಿಗೆ 2016ರ ಕಾಯ್ದೆ ಇದೆ. ನಿಯಮ ಪಾಲಿಸದ ಕಟ್ಟಡಕ್ಕೆ ಮುಕ್ತಾಯ ಪತ್ರ ಕೊಡಬಾರದು ಅಂತ ಅದರಲ್ಲೇ ಇದೆ. ಆದರೆ ಬಾಗಿಲು ಎಲ್ಲಿ ಅಂತ ಗೆರೆ ಎಳೆಯುವವರು ನೀವೇ ಅಲ್ವಾ.

ಎಂ.ಆರ್ಕ್, ಕಟ್ಟಡ ಎಷ್ಟು ಪರಿಸರಸ್ನೇಹಿ ಅಂತ ಅಳೆಯುವ ಗ್ರೀನ್ ರೇಟಿಂಗ್ ಕೋರ್ಸು ಆಮೇಲೆ ನೋಡಿ, ಸದ್ಯಕ್ಕೆ ದುಡ್ಡು ಕಟ್ಟಬೇಡಿ. ಒಂದು ವರ್ಷ ಒಳ್ಳೆ ಮೇಸ್ತ್ರಿ ಜೊತೆ ಸೈಟಿನಲ್ಲಿರಿ. ಅದಕ್ಕೂ ಮುಂಚೆ ಒಂದು ಕೆಲಸ: ನಿಮ್ಮ ಥೀಸಿಸ್ ಸೈಟಿಗೆ ಈ ಭಾನುವಾರ ಒಂದು ಲೆವೆಲ್ ಟ್ಯೂಬ್ (ನೀರು ತುಂಬಿ ನೆಲದ ಮಟ್ಟ ನೋಡುವ ಕೊಳವೆ) ತಗೊಂಡು ಹೋಗಿ. ಯಾವ ಮೂಲೆ ಎಷ್ಟು ಎತ್ತರ, ನೀವು ಬರೆದಿರುವ ಬಾಗಿಲು ಯಾವ ಕಡೆ ಇದೆ, ನೋಡಿ ನನಗೆ ಬರೆಯಿರಿ.